ಕೇಳದ ಬಂದ ಹಾಡು

ಈ ಸಲ ಅಡಗಿ ಬಗ್ಗೆ ಬರಿಯೋದಿಲ್ಲ. ಅಡಗಿಮನಿ ಕಟ್ಟಿ ಮ್ಯಾಲೆ ಕೂತಿರೋ ನನ್ನ ರೇಡಿಯೋ ಬಗ್ಗೆ ಬರೀತೀನಿ. ನಮ್ಮ ಮನಿಗೆ ಬಂದವರು ಎರಡು ಪ್ರಶ್ನೆ ಕೇಳೇ ಕೇಳತಾರ. ಒಂದು, "ಫೋನಿನ್ಯಾಗ ಲೋಕದ ಹಾಡೆಲ್ಲಾ ಸಿಗತಾವ, ಈ ಡಬ್ಬಿ ಯಾಕ ಇನ್ನೂ ಇಟ್ಕೊಂಡೀ?" ಎರಡನೇದು, "ಅದರಾಗ ಬರತದಲ್ಲಾ ಆ ಟಣಟಣ ತಂತಿ, ಕುಂಯ್‌ಕುಂಯ್ ಪಿಟೀಲು, ಮೂಗಿನ್ಯಾಗ ಹಾಡೋ ಮಂದಿ, ಅದೇನು ಹಾಡವಾ?"

ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದ. ಫೋನು ನಾವು ಬೇಡಿದ್ದು ಕೊಡತದ. ಬೇಡಬೇಕಾದ್ರ ಹೆಸರು ಗೊತ್ತಿರಬೇಕು. ಬ್ಲೂಗ್ರಾಸ್ ಅನ್ನೋ ಹೆಸರು ನನಗೆಲ್ಲೆ ಗೊತ್ತಿತ್ತು? ಹೆಸರ ಗೊತ್ತಿಲ್ಲದ್ದನ್ನ ಮನಿ ಬಾಗಲಿಗೆ ತಂದು ಇಟ್ಟದ್ದು ರೇಡಿಯೋ. ಅದಕ್ಕೂ ದೊಡ್ಡ ಮಾತು ಇನ್ನೊಂದು ಅದ. ಮನಿಯೊಳಗ, ಕೆಲಸದ ನಡುವ ಹಾಡೋ ಹಾಡಿಗೂ ಒಂದು ಕಿಮ್ಮತ್ತು ಅದ ಅಂತ ಆ ಗುಡ್ಡದ ಮಂದಿಗೆ ತಿಳಿಸಿಕೊಟ್ಟದ್ದೂ ರೇಡಿಯೋನ. ಅಂಥಾ ರೇಡಿಯೋ ಉಳೀಬೇಕು ಅಂತ ನಾ ಯಾಕ ಹಟ ಹಿಡೀತೀನಿ ಅಂತ ಇವತ್ತು ಬಿಡಿಸಿ ಹೇಳತೀನಿ, ಕುಕ್ಕರ್ ಇಟ್ಟು ಬಂದು ಓದ್ರಿ.

ನಾವು ಇರೋದು ಅಮೇರಿಕಾದ ನಾರ್ತ್ ಕೆರೊಲೈನಾ ರಾಜ್ಯದ ಶಾರ್ಲಟ್ ಊರಾಗ ಅಂತ ನಿಮಗ ಗೊತ್ತ ಅದ. ಇಲ್ಲಿಂದ ಪಶ್ಚಿಮಕ್ಕ ಎರಡು ತಾಸು ಗಾಡಿ ಹೊಡದ್ರ ಅಪಲೇಚಿಯನ್ ಗುಡ್ಡ ಸುರು ಆಗತಾವ. ದಾರ್ಯಾಗ ಸ್ಪಿಂಡೇಲ್ ಅಂತ ಒಂದು ಸಣ್ಣ ಊರು. ಅಲ್ಲಿಯ ಕಾಲೇಜಿನಿಂದ 1989ರಿಂದ ಒಂದು ರೇಡಿಯೋ ನಡೀತದ, ಹೆಸರು ಡಬ್ಲ್ಯೂಎನ್‌ಸಿಡಬ್ಲ್ಯೂ. ಕೇಳೋ ಮಂದೀನ ಕೈಲಾದಷ್ಟು ರೊಕ್ಕಾ ಕೊಟ್ಟು ನಡೆಸೋ ರೇಡಿಯೋ ಅದು. ನಾ ಈ ಊರಿಗೆ ಬಂದ ಹೊಸತನಾಗ ಮನ್ಯಾಗ ಮಾತಾಡವರಿಲ್ಲ ಅಂತ ಸುದ್ದಿ ಹಚ್ಚಲಿಕ್ಕೆ ರೇಡಿಯೋ ಕಿವಿ ತಿರುವತಿದ್ದೆ. ಒಂದು ಶನಿವಾರ ಚಪಾತಿ ಹಿಟ್ಟು ನಾದೋವಾಗ 88.7ರ ಮ್ಯಾಲೆ ಕಡ್ಡಿ ನಿಂತಿತು. ಕೈಗೆಲ್ಲಾ ಹಿಟ್ಟು, ಬದಲಿ ಮಾಡಲಿಕ್ಕೆ ಆಗಲಿಲ್ಲ. ಆ ಹಿಟ್ಟಿನ ಪುಣ್ಯಾ ಅನ್ರಿ, ಮುಂದ ಮೂರು ತಾಸು ಆ ಹಾಡು ಕೇಳಿದೆ. ಶನಿವಾರ ಅವರು ಬ್ಲೂಗ್ರಾಸ್ ಹಚ್ಚತಾರ, ಆ ಕಾರ್ಯಕ್ರಮದ ಹೆಸರು ಗೋಯಿನ್ ಅಕ್ರಾಸ್ ದ ಮೌಂಟನ್. ರವಿವಾರ ಅದಕ್ಕಿಂತ ಹಳೇ ಪದ್ಧತಿದು, ಓಲ್ಡ್ ಟೈಮ್ ಅಂತಾರಲ್ಲಾ, ಅದು ಬರತದ.

ಎರಡಕ್ಕೂ ಏನು ಫರಕು ಅಂತ ನನಗ ತಿಳಿಯೋಕ ಒಂದು ವರ್ಷ ಬೇಕಾತು. ನಿಮಗ ಸಲೀಸಾಗಿ ಹೇಳತೀನಿ. ಓಲ್ಡ್ ಟೈಮ್ ಅಂದ್ರ ನಮ್ಮ ಭಜನಿ ಇದ್ದಂಗ. ಎಲ್ಲಾರೂ ಕೂಡೇ ಬಾರಸತಾರ, ಕೂಡೇ ಹೋಗತಾರ, ಒಂದ ಧಾಟಿ ಮತ್ತ ಮತ್ತ ಸುತ್ತಿ ಸುತ್ತಿ ಬರತದ. ಮುಂದ ಯಾರೂ ಇಲ್ಲ, ಹಿಂದ ಯಾರೂ ಇಲ್ಲ. ಮಂದಿ ಕುಣೀಲಿ ಅಂತ ಹುಟ್ಟಿದ್ದು ಅದು. ಪಿಟೀಲು ಮತ್ತ ಬ್ಯಾಂಜೋ ಎರಡಿದ್ರ ಸಾಕು, ಮದುವಿ ಮನಿ ತುಂಬತದ. ಬ್ಲೂಗ್ರಾಸ್ ಅಂದ್ರ ಅದ ಮನಿತನದ ಹುಡುಗ, ಆದ್ರ ಊರು ಬಿಟ್ಟು ಪ್ಯಾಟಿಗೆ ಹೋಗಿ ಕಚೇರಿ ಮಾಡಿದವ. ಅದರಾಗ ಒಬ್ಬೊಬ್ಬರು ಪಾಳಿ ಪ್ರಕಾರ ಮುಂದ ಬಂದು ತಮ್ಮ ಕೈಚಳಕ ತೋರಸತಾರ, ಜುಗಲಬಂದಿ ಹಂಗ. ವೇಗ ಭಾಳ. ದನಿ ಎತ್ತರ. ಬ್ಯಾಂಜೋ ಮೂರು ಬಳ್ಳಿಂದ ಮೀಟಿದ್ರ ಹಂಚಿನ ಮ್ಯಾಲೆ ಮಳಿ ಹನಿ ಬಿದ್ದಂಗ ಕೇಳತದ.

ಬ್ಲೂಗ್ರಾಸ್ ಹುಟ್ಟಿದ್ದ ರೇಡಿಯೋದಾಗ ಅಂದ್ರ ತಪ್ಪಾಗೂದಿಲ್ಲ. ನ್ಯಾಶ್‌ವಿಲ್ ಊರಿನ ಡಬ್ಲ್ಯೂಎಸ್‌ಎಂ ರೇಡಿಯೋ 1925ರಾಗ ಸುರು ಆತು. ಆ ವರ್ಷ ನವೆಂಬರಿನ್ಯಾಗ ಒಂದು ಶನಿವಾರ ರಾತ್ರಿ ಎಪ್ಪತ್ತು ದಾಟಿದ ಒಬ್ಬ ಮುತ್ಯಾನ್ನ, ಅಂಕಲ್ ಜಿಮ್ಮಿ ಥಾಂಪ್ಸನ್ ಅನ್ನವರನ್ನ, ಮೈಕಿನ ಮುಂದ ಕೂಡಿಸಿ ಪಿಟೀಲು ಬಾರಸರಿ ಅಂದ್ರು. ಕೇಳಿದ ಮಂದಿ ಇನ್ನೂ ಬೇಕು ಅಂತ ತಾರು ಕಳಿಸಿದ್ರು. ಅಲ್ಲಿಂದ ಸುರು ಆದ ಶನಿವಾರದ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ಅಂತ ಹೆಸರು ತಗೊಂಡು ಇವತ್ತಿಗೂ ನಡದದ. 1939ರಾಗ ಕೆಂಟಕಿ ರಾಜ್ಯದ ಬಿಲ್ ಮನ್ರೋ ತನ್ನ ಬ್ಲೂ ಗ್ರಾಸ್ ಬಾಯ್ಸ್ ಮ್ಯಾಳಾ ಕಟಗೊಂಡು ಅಲ್ಲಿ ಹಾಡಲಿಕ್ಕೆ ಬಂದ. ಆ ಮ್ಯಾಳದ ಹೆಸರ ಮುಂದ ಈ ಸಂಗೀತದ ಹೆಸರಾತು.

ಬಿಲ್ ಮನ್ರೋಗ ಬ್ಲೂಗ್ರಾಸಿನ ಅಪ್ಪ ಅಂತಾರ. ಇರಲಿ. ಆದ್ರ ಅವನಿಗೆ ಸಂಗೀತ ಬಂದದ್ದು ಎಲ್ಲಿಂದ? ಅವನ ಅವ್ವ ಮಲಿಸ್ಸಾ ಪಿಟೀಲು ಬಾರಸತಿದ್ಲು, ಅಕಾರ್ಡಿಯನ್ ಬಾರಸತಿದ್ಲು, ಹಾಡತಿದ್ಲು. ಎಂಟು ಮಕ್ಕಳ ಮನಿ ನಡೆಸಿಕೋತ ಅದನ್ನೆಲ್ಲಾ ಮಾಡಿದಾಕಿ. ಅವನಿಗೆ ಹತ್ತು ವರ್ಷ ಆದಾಗ ಆಕಿ ತೀರಿಕೊಂಡ್ಲು. ಅಪ್ಪನ ಹೆಸರು ಗೋಡಿ ಮ್ಯಾಲೆ, ಅವ್ವನ ಹೆಸರು ಪುಸ್ತಕದ ಅಡಿಟಿಪ್ಪಣಿಯೊಳಗ. ಇದು ನಮಗ್ಯಾರಿಗೂ ಹೊಸಾ ಕಥಿ ಅಲ್ಲ.

ನಮ್ಮ ಶಾರ್ಲಟ್ ಊರೂ ಇದರಾಗ ಹಿಂದ ಬಿದ್ದಿಲ್ಲ. ಇಲ್ಲಿಯ ಡಬ್ಲ್ಯೂಬಿಟಿ ರೇಡಿಯೋ ದಕ್ಷಿಣದ ಹಳೇ ರೇಡಿಯೋದೊಳಗ ಒಂದು. 1930ರ ದಶಕದಾಗ ಅಲ್ಲಿ ಬಂದ ಗುಡ್ಡದ ಹಾಡಿನ ಕಾರ್ಯಕ್ರಮಕ್ಕ ರೊಕ್ಕಾ ಕೊಡತಿದ್ದವರು ಯಾರು ಗೊತ್ತೇನು? ಕ್ರೇಜಿ ವಾಟರ್ ಕ್ರಿಸ್ಟಲ್ಸ್ ಅನ್ನೋ ಒಂದು ಉಪ್ಪಿನ ಕಂಪನಿ. ನೀರಾಗ ಕಲಿಸಿ ಕುಡದ್ರ ಹೊಟ್ಟಿ ಸಾಫ್ ಆಗತದ ಅಂತ ಜಾಹೀರಾತು. ನಗಬ್ಯಾಡ್ರಿ, ಆ ಉಪ್ಪಿನ ರೊಕ್ಕದಾಗ ಎಷ್ಟೋ ಬಡ ಹಾಡುಗಾರರ ಮನಿ ಒಲಿ ಉರದಾವ. ಬಿಲ್ ಮನ್ರೋ ಮತ್ತ ಅವನ ಅಣ್ಣ ಚಾರ್ಲಿ ತಮ್ಮ ಮೊದಲನೇ ರೆಕಾರ್ಡು ಮಾಡಿದ್ದು ಇದ ಶಾರ್ಲಟ್‌ನ್ಯಾಗ, 1936ರ ಫೆಬ್ರುವರಿಯೊಳಗ.

ಇಲ್ಲಿಂದ ಒಂದು ತಾಸಿನ ಹಾದಿ ಶೆಲ್ಬಿ. ಅದರ ಹತ್ತಿರದ ಫ್ಲಿಂಟ್ ಹಿಲ್‌ನ್ಯಾಗ 1924ರಾಗ ಅರ್ಲ್ ಸ್ಕ್ರಗ್ಸ್ ಹುಟ್ಟಿದ. ನಾಲ್ಕು ವರ್ಷದವನಿದ್ದಾಗ ಅಪ್ಪ ಹೋದ. ದೊಡ್ಡಾವಾದ ಮ್ಯಾಲೆ ಯುದ್ಧದ ಕಾಲಕ್ಕ ಅವ ನೂಲಿನ ಗಿರಣಿಯೊಳಗ ದುಡಿದ. ಮೂರು ಬಳ್ಳಿಲೆ ಬ್ಯಾಂಜೋ ಮೀಟೋದು ಈ ಸುತ್ತಮುತ್ತಲ ಊರಾಗ ಮೊದಲಿನಿಂದ ಇತ್ತು, ಅವನ ಕೈಯಾಗ ಅದಕ್ಕ ಬ್ಯಾರೇನ ರೂಪ ಬಂತು. 1945ರ ಡಿಸೆಂಬರಿನ್ಯಾಗ ಅವ ಬಿಲ್ ಮನ್ರೋ ಮ್ಯಾಳಾ ಸೇರಿ ರೇಡಿಯೋದಾಗ ಬಾರಸಿದಾಗ ಕೇಳಿದವರು ದಂಗಾದ್ರು. ನಾವು ಇವತ್ತು ಬ್ಲೂಗ್ರಾಸ್ ಅನ್ನೋದು ಆ ಮ್ಯಾಳದಾಗ ಕೂಡಿ ಬಂದ ಸಪ್ಪಳ. ಆವಾಗ ಗುಡ್ಡದ ಎಷ್ಟೋ ಮನ್ಯಾಗ ಕರೆಂಟ್ ಇರಲಿಲ್ಲ, ಬ್ಯಾಟರಿ ಹಾಕಿ ರೇಡಿಯೋ ಹಚ್ಚತಿದ್ರು. ಓಣಿಯೊಳಗ ಒಬ್ಬರ ಮನ್ಯಾಗ ರೇಡಿಯೋ ಇದ್ರ ಶನಿವಾರ ರಾತ್ರಿ ಓಣೀನ ಅಲ್ಲಿ ನೆರೀತಿತ್ತು. ಹುಡುಗೂರು ಕೇಳಿ, ಮರುದಿನ ಮನ್ಯಾಗ ತಂತಿ ಮ್ಯಾಲೆ ಹುಡುಕತಿದ್ರು.

ಈಗ ಹೆಣಮಕ್ಕಳ ಕಡೆ ಬರತೀನಿ, ಯಾಕಂದ್ರ ನಾ ಈ ಹಾಡಿಗೆ ಅಂಟಿಕೊಂಡದ್ದು ಅವರ ದೆಸಿಂದ. ವರ್ಜಿನಿಯಾದ ಗುಡ್ಡದಾಗ ಕಾರ್ಟರ್ ಅನ್ನೋ ಮನಿತನ. ಏ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ಮತ್ತ ಸಾರಾನ ಚಿಕ್ಕಮ್ಮನೋ ದೊಡ್ಡಮ್ಮನೋ ಮಗಳು ಮೇಬೆಲ್, ಆಕಿ ಏ.ಪಿ.ಯ ತಮ್ಮನ ಹೆಂಡತೀನೂ ಹೌದು. 1927ರ ಆಗಸ್ಟಿನ್ಯಾಗ ಬ್ರಿಸ್ಟಲ್ ಊರಿಗೆ ರೆಕಾರ್ಡಿನ ಕಂಪನಿಯವರು ಬಂದಾರ ಅಂತ ಕೇಳಿ ಇವರು ಹೊಂಟ್ರು. ಮೇಬೆಲ್‌ಗೆ ಆವಾಗ 18 ವರ್ಷ, ಎಂಟು ತಿಂಗಳ ಬಸರಿ. ಸಾರಾನ ಕೂಡ ಹಾಲು ಕುಡಿಯೋ ಕೂಸು. ಆ ಕೂಸಿನ್ನ ನೋಡಿಕೊಳ್ಳಲಿಕ್ಕೆ ಎಂಟು ವರ್ಷದ ಹಿರೇಮಗಳನ್ನ ಕರಕೊಂಡು ಹೋಗಿದ್ರು. ಹಿಂಗ ಹೋಗಿ ಹಾಡಿದ್ದು ಇವತ್ತಿಗೂ ಮಂದಿ ಕೇಳತಾರ. ಮೇಬೆಲ್ ಗಿಟಾರ್ ಹೆಬ್ಬಳ್ಳಿಲೆ ದಪ್ಪ ತಂತಿ ಮ್ಯಾಲೆ ಹಾಡಿನ ಧಾಟಿ ಎತ್ತತಿದ್ಲು, ಉಳಿದ ಬಳ್ಳಿಲೆ ತಾಳ ಹಿಡೀತಿದ್ಲು. ಆ ಪದ್ಧತಿ ಎಷ್ಟು ಮಂದಿ ಗಂಡಸರು ಕಲತಾರೋ ಲೆಕ್ಕಿಲ್ಲ. ನಮ್ಮ ಕಡೆ ಹುಟ್ಟಿದ್ರ ಮೇಬೆಲ್‌ಬಾಯಿ, ಸಾರಾಬಾಯಿ ಅಂತ ಕರೀತಿದ್ವಿ.

ಸಾರಾಬಾಯಿದು ಒಂದು ಕಥಿ ಅದ, ಅದೂ ರೇಡಿಯೋದ ಕಥೀನ. ಗಂಡ ಹಾಡು ಹುಡುಕಿಕೋತ ತಿಂಗಳಗಟ್ಟಲೆ ತಿರಗತಿದ್ದ, ಹೊಲಾ ಮನಿ ಎಲ್ಲಾ ಈಕಿ ಮ್ಯಾಲೆ. ಕಡೀಕ ಇಬ್ಬರೂ ಬ್ಯಾರೆ ಆದ್ರು, ಆದ್ರ ಮ್ಯಾಳಾ ಮಾತ್ರ ಬಿಡಲಿಲ್ಲ. ಆಕಿ ಮನಸು ಕೊಟ್ಟಿದ್ದು ಕೋಯ್ ಬೇಸ್ ಅನ್ನೋ ಒಬ್ಬಾವಗ, ಅವ ಗಂಡನ ಸೋದರಸಂಬಂಧಿ. ಅವನ ಮನಿಯವರು ದೂರ ಕ್ಯಾಲಿಫೋರ್ನಿಯಾಕ್ಕ ಹೋಗಿಬಿಟ್ರು. ವರ್ಷಗಟ್ಟಲೆ ಸುದ್ದಿ ಇಲ್ಲ. 1938ರಿಂದ ಕಾರ್ಟರ್ ಮ್ಯಾಳಾ ಮೆಕ್ಸಿಕೋ ಗಡಿಯೊಳಗಿನ ಎಕ್ಸ್‌ಇಆರ್‌ಎ ಅನ್ನೋ ದೈತ್ಯ ರೇಡಿಯೋದಾಗ ಹಾಡತಿತ್ತು, ಅದರ ದನಿ ದೇಶದ ಮೂಲಿ ಮೂಲಿಗೂ ಮುಟ್ಟತಿತ್ತು. ಒಂದು ದಿನ ಸಾರಾ ಮೈಕಿನ ಮುಂದ ನಿಂತು, ಈ ಹಾಡು ಕ್ಯಾಲಿಫೋರ್ನಿಯಾದಾಗಿರೋ ಕೋಯ್‌ಗೆ ಅಂತ ಹೆಸರು ತಗೊಂಡು ಹಾಡಿದ್ಲು. ಅವ ಕೇಳಿದ, ಗಾಡಿ ಹತ್ತಿ ಟೆಕ್ಸಾಸಿಗೆ ಬಂದ. 1939ರಾಗ ಲಗ್ನ ಆತು. ಇಂಥಾ ಧೈರ್ಯ ಆ ಕಾಲದಾಗ ಎಷ್ಟು ಮಂದಿಗೆ ಇತ್ತು, ನೀವ ಹೇಳ್ರಿ. ಆ ಮೂಲ ಮ್ಯಾಳಾ ಕಡೀ ಸಲ ಕೂಡಿ ಹಾಡಿದ್ದೂ ನಮ್ಮ ಶಾರ್ಲಟ್‌ನ ಡಬ್ಲ್ಯೂಬಿಟಿ ರೇಡಿಯೋದಾಗ, 1943ರಾಗ ಅದು ಒಡೀತು.

ಇನ್ನೂ ಹೆಸರು ಅವ. ಇದ ರಾಜ್ಯದ ಸಿಲ್ವಾ ಊರಿನ ಸಮಾಂತಾ ಬಮ್‌ಗಾರ್ನರ್ 1924ರಾಗ, ಅಂದ್ರ ಕಾರ್ಟರ್ ಮಂದಿಗಿಂತ ಮೂರು ವರ್ಷ ಮೊದಲ, ಗೆಳತಿ ಇವಾ ಡೇವಿಸ್‌ನ ಕರಕೊಂಡು ನ್ಯೂಯಾರ್ಕಿಗೆ ಹೋಗಿ ಬ್ಯಾಂಜೋ, ಪಿಟೀಲು ಬಾರಿಸಿ ರೆಕಾರ್ಡು ಮಾಡಿ ಬಂದ್ಲು. ಬಿಲ್ ಮನ್ರೋ ಮ್ಯಾಳದ ಹೆಸರಾಗ 'ಬಾಯ್ಸ್' ಅಂತ ಅದ, ಆದ್ರ 1943ರಿಂದ 1946ರ ತನಕ ಅದರಾಗ ಸ್ಯಾಲಿ ಆ್ಯನ್ ಫಾರೆಸ್ಟರ್ ಅನ್ನಾಕಿ ಅಕಾರ್ಡಿಯನ್ ಬಾರಸತಿದ್ಲು. ಮುಂದ 1965ರಾಗ ಗಣಿ ಕಾರ್ಮಿಕರ ಮನಿಯ ಹೇಜಲ್ ಡಿಕನ್ಸ್ ಮತ್ತ ಆಕಿ ಗೆಳತಿ ಆ್ಯಲಿಸ್ ಜೆರಾರ್ಡ್ ಇಬ್ಬರ ಹೆಸರ ಮ್ಯಾಲೇನ ಬ್ಲೂಗ್ರಾಸ್ ರೆಕಾರ್ಡು ಬಂತು. ಗಂಡಸರ ಹಿಂದ ನಿಂತು ದನಿಗೂಡಿಸೋದಲ್ಲ, ಮುಂದ ನಿಂತು ಹಾಡಿದ್ದು.

ನನಗ ಎಲ್ಲಾರಿಗಿಂತ ಹತ್ತಿರದಾಕಿ ಎಟ್ಟಾ ಬೇಕರ್. ಆಫ್ರಿಕನ್ ಅಮೇರಿಕನ್ ಮನಿತನದಾಕಿ, ಮೋರ್ಗಂಟನ್ ಊರಿನ ನೂಲಿನ ಗಿರಣಿಯೊಳಗ ದುಡಿದಾಕಿ, ಒಂಬತ್ತು ಮಕ್ಕಳ ತಾಯಿ. ಮೂರು ವರ್ಷದಾಕಿ ಇದ್ದಾಗಿನಿಂದ ಅಪ್ಪನ ಕೈಲೆ ಗಿಟಾರ್ ಕಲತಾಕಿ. 1956ರಾಗ ಆಕಿ ಬಾರಿಸಿದ ಕೆಲವು ಹಾಡು ಒಂದು ರೆಕಾರ್ಡಿನ್ಯಾಗ ಬಂದ್ವು, ಆಕಿ ಬೆರಳಿನ ಪದ್ಧತಿ ದೇಶದ ತುಂಬ ಹುಡುಗೂರು ಕಲಿಯಲಿಕ್ಕೆ ಹತ್ತಿದ್ರು. ಆಕಿ ಮಾತ್ರ ಗಿರಣಿಗೆ ಹೋಗೋದು ಬಿಡಲಿಲ್ಲ, ಬಿಡೋಹಂಗೂ ಇರಲಿಲ್ಲ. ಅರವತ್ತರ ಹೊತ್ತಿಗೆ ನೌಕರಿ ಬಿಟ್ಟು ಊರೂರಿಗೆ ಹೋಗಿ ಬಾರಿಸಿದ್ಲು. 2006ರಾಗ 93 ವರ್ಷ ಆದಾಗ ತೀರಿಕೊಂಡ್ಲು. "ಇನ್ನೇನು ನಮ್ಮ ವಯಸ್ಸು ಮುಗೀತು" ಅಂತ ಐವತ್ತಕ್ಕ ಅನ್ನೋ ಗೆಳತ್ಯಾರಿಗೆ ನಾ ಆಕಿ ಹೆಸರು ಹೇಳತೀನಿ.

ಇಲ್ಲಿಯ ನಮ್ಮ ಮಂದಿ ಇನ್ನೊಂದು ಮಾತು ಅಂತಾರ: "ಅದು ಗುಡ್ಡದ ಬಿಳೇ ಮಂದಿ ಹಾಡು, ಗಾವಟಿ ಹಾಡು, ನಮಗೇನು ಸಂಬಂಧ?" ಗಾವಟಿ ಅನ್ನೋ ಮಾತಿಗೆ ನಾ ಬ್ಯಾಸರ ಮಾಡಿಕೊಳ್ಳೋದಿಲ್ಲ, ಅವರನ್ನ ಪ್ಯಾಟಿ ಮಂದೀನೂ ಹಂಗ ಅಂದು ನಕ್ಕಾರ. ಆದ್ರ ಬಿಳೇ ಮಂದಿ ಹಾಡು ಅನ್ನೋದು ಅರ್ಧಾ ಸತ್ಯ. ಬ್ಯಾಂಜೋ ಬಂದದ್ದು ಆಫ್ರಿಕಾದಿಂದ, ಗುಲಾಮರಾಗಿ ಹಿಡದು ತಂದ ಮಂದಿ ಕೂಡ. ಅವರು ಮೊದಲು ಅದನ್ನ ಸೋರೆಬುರುಡಿಲೆ ಮಾಡತಿದ್ರು, ನಮ್ಮ ತಂಬೂರಿ ಹಂಗ. ಏ.ಪಿ. ಕಾರ್ಟರ್ ಹಾಡು ಹುಡುಕಲಿಕ್ಕೆ ಹೋದಾಗ ಧಾಟಿ ನೆನಪಿಟ್ಟುಕೊಂಡು ಬರತಿದ್ದಾವ ಲೆಸ್ಲಿ ರಿಡಲ್ ಅನ್ನೋ ಕರಿಯ ಗಿಟಾರ್‌ಗಾರ. ಬಿಲ್ ಮನ್ರೋ ಸಣ್ಣಾವಿದ್ದಾಗ ಆರ್ನಲ್ಡ್ ಶುಲ್ಟ್ಸ್ ಅನ್ನೋ ಕರಿಯ ಸಂಗೀತಗಾರನ ಕೂಡ ಕೂತು ಕಲತ. ಆಪ್ರಿಯ ಸುರುವಾತಿನ ದಿನದಾಗ ಮಂದಿ ಕಾದು ಕೂತು ಕೇಳತಿದ್ದದ್ದು ಡಿಫೋರ್ಡ್ ಬೇಲಿಯ ಬಾಯಿಪೇಟಿ. ಅವನೂ ಕರಿಯ. 1941ರಾಗ ಅವನನ್ನ ಕಾರ್ಯಕ್ರಮದಿಂದ ತಗದ್ರು, ಮುಂದ ಆತ ಬೂಟ್ ಪಾಲಿಶ್ ಅಂಗಡಿ ನಡೆಸಿ ಹೊಟ್ಟಿ ಹೊರಕೊಂಡ.

ರೆಕಾರ್ಡಿನ ಕಂಪನಿಗಳು ಕರಿಯರ ಹಾಡು ಒಂದು ಬುಟ್ಟಿ, ಬಿಳಿಯರ ಹಾಡು ಒಂದು ಬುಟ್ಟಿ ಮಾಡಿ ಮಾರಿದ್ವು. ಅಂಗಳದಾಗ ಕೂಡೇ ಬಾರಿಸಿದ ಮಂದಿ ಅಂಗಡಿಯೊಳಗ ಬ್ಯಾರೆ ಆದ್ರು. ಹಂಗಾಗಿ ಇವತ್ತು ರಿಯಾನನ್ ಗಿಡನ್ಸ್ ಬ್ಯಾಂಜೋ ಹಿಡದು ನಿಂತ್ರ ನನಗ ಖುಶಿ ಆಗತದ. ಇದ ರಾಜ್ಯದ ಗ್ರೀನ್ಸ್‌ಬರೋ ಊರಿನಾಕಿ. 2005ರ ಹೊತ್ತಿಗೆ ಆಕಿ ಮತ್ತ ಇಬ್ಬರು ಗೆಳೆಯರು ಮೆಬೇನ್ ಊರಿನ ಜೋ ಥಾಂಪ್ಸನ್ ಅನ್ನೋ ವಯಸ್ಸಾದ ಕರಿಯ ಪಿಟೀಲುಗಾರರ ಮನಿಗೆ ವಾರಾ ವಾರಾ ಹೋಗಿ, ಮುಂದ ಕೂತು ಕಲತ್ರು. ಗುರುಮುಖದ ವಿದ್ಯಾ ಅಂತೀವಲ್ಲಾ, ಅದ. ಕೇಳಿದವರಿಗೆಲ್ಲಾ ಈ ಹಾಡಿನ ಸಂಬಂಧ ಅದ. ಜಾತಿ, ಬಣ್ಣ ನೋಡಿ ಕಿವಿ ಮುಚ್ಚಿಕೊಂಡ್ರ ನಷ್ಟ ನಮಗ.

ರೇಡಿಯೋ ಅಂದ್ರ ಬರೇ ಪುಣ್ಯದ ಕೆಲಸ ಅಂತ ನಾ ಅನ್ನೋದಿಲ್ಲ. ಎಕ್ಸ್‌ಇಆರ್‌ಎ ರೇಡಿಯೋದ ಮಾಲಕ ಬ್ರಿಂಕ್ಲಿ ಅನ್ನಾವ ಗಂಡಸರಿಗೆ ಹೋತಿನ ಗ್ರಂಥಿ ಕಸಿ ಮಾಡತೀನಿ ಅಂತ ಮೋಸ ಮಾಡಿದ ವೈದ್ಯ. ಡಿಫೋರ್ಡ್ ಬೇಲಿಗೆ ಆದದ್ದು ಆಗಲೇ ಹೇಳಿದೆ. ಇನ್ನೂ ಒಂದು ಮಾತು ನಮ್ಮ ಮನಿಯವರ ಅಂತಾರ: "ರೇಡಿಯೋ ಬಂದ ಮ್ಯಾಲೆ ಮಂದಿ ತಾವು ಹಾಡೋದು ಬಿಟ್ಟು ಕೇಳಕೋತ ಕೂತ್ರು, ಹಾಡು ಕಡಿಮಿ ಆಗಿದ್ದ ಅದರ ದೆಸಿಂದ." ಈ ಮಾತಿನ್ಯಾಗ ಹುರುಳಿಲ್ಲ ಅನ್ನಲಿಕ್ಕೆ ಬರೂದಿಲ್ಲ. ದೊಡ್ಡ ರೇಡಿಯೋ ದೊಡ್ಡ ಹೆಸರು ಮಾಡಿತು, ಸಣ್ಣವರು ನಾಚಿಕೊಂಡು ಸುಮ್ಮನಾದ್ರು, ಹಿಂಗೂ ಆಗೇದ. ಅದಕ್ಕ ನಾ ಹೇಳೋದು ಸಣ್ಣ ರೇಡಿಯೋದ ಮಾತು.

ನಮ್ಮ ರಾಜ್ಯದ ಉತ್ತರದ ಗಡಿಗೆ ಮೌಂಟ್ ಏರಿ ಅಂತ ಒಂದು ಊರು. ಅಲ್ಲೆ 1948ರ ಫೆಬ್ರುವರಿ 2ಕ್ಕ ರಾಲ್ಫ್ ಎಪ್ಪರ್ಸನ್ ಅನ್ನೋ ಹುಡುಗ ಡಬ್ಲ್ಯೂಪಿಎಕ್ಯೂ ರೇಡಿಯೋ ಸುರು ಮಾಡಿದ. ಎಎಂ 740. ದೊಡ್ಡ ಊರಿನ ಹಾಡುಗಾರರನ್ನ ತರಸೋದರ ಬದಲಿ, ಊರ ಸುತ್ತಲಿನ ರೈತರು, ಗಿರಣಿ ಮಂದಿ, ಅಕ್ಕತಂಗೇರು, ಅಣ್ಣತಮ್ಮಂದಿರು ಬಂದು ನೇರ ಹಾಡ್ರಿ ಅಂದ. ಆ ಶನಿವಾರದ ಕಾರ್ಯಕ್ರಮಕ್ಕ ಮೆರಿ ಗೋ ರೌಂಡ್ ಅಂತ ಹೆಸರು. ಇವತ್ತಿಗೂ ನಡದದ. ಈಗ ಊರ ನಡುವಿನ ಅರ್ಲ್ ಥೇಟರಿನ್ಯಾಗ ಮಂದಿ ಮುಂದ ಕೂತು ಬಾರಸತಾರ, ಅದ ನೇರ ರೇಡಿಯೋಕ್ಕ ಹೋಗತದ. ಆ ಮೊದಲ ವರ್ಷಗಳಾಗ ಎಪ್ಪರ್ಸನ್ ಅವರ ಹಾಡು ಬಾನುಲಿ ಮಾಡಿ ಸುಮ್ಮನಾಗಲಿಲ್ಲ, ತಟ್ಟಿ ಮ್ಯಾಲೆ ಅಚ್ಚು ಒತ್ತಿ ಇಟ್ಟ. ಐವತ್ತು ವರ್ಷದ ಮ್ಯಾಲೆ ಅದರಾಗಿನ ಕೆಲವು ಸಿ.ಡಿ. ಆಗಿ ಹೊರಗ ಬಂದ್ವು. ಮೈಕು ಮನಿ ಹತ್ತಿರ ಇದ್ರ ಮನಿ ಮಂದಿ ಹಾಡತಾರ, ನಾಚೋದಿಲ್ಲ, ಇದು ನನ್ನ ಗಂಡಗೂ ಮೈದುನಗೂ ನಾ ಕೊಡೋ ಉತ್ತರ. ಬಾಜೂ ಮನಿ ತಂಗೆವ್ವ ರೇಡಿಯೋದಾಗ ಹಾಡಿದ್ಲು ಅಂದ್ರ, ಮುಂದಿನ ವಾರ ನಾನೂ ಹೋಗಲೇನು ಅಂತ ಇನ್ನೊಬ್ಬಾಕಿ ಅನ್ನತಾಳ.

ಅಂಥಾ ರೇಡಿಯೋಕ್ಕ ಈಗ ಕಷ್ಟ ಬಂದದ. 2025ರ ಜುಲೈದಾಗ ಇಲ್ಲಿಯ ಸಂಸತ್ತು ಸಾರ್ವಜನಿಕ ರೇಡಿಯೋ ಮತ್ತ ಟೀವಿಗೆ ಕೊಡಬೇಕಾಗಿದ್ದ ಎರಡು ವರ್ಷದ ಸುಮಾರು 110 ಕೋಟಿ ಡಾಲರ್ ವಾಪಸ್ ತಗೊಂತು. ಆ ರೊಕ್ಕಾ ಹಂಚತಿದ್ದ ಸಂಸ್ಥಾನ ಬಾಗಲ ಹಾಕತೀವಿ ಅಂತ ಹೇಳಿಬಿಡ್ತು. ನ್ಯೂಯಾರ್ಕಿನಂಥಾ ಊರಿನ ರೇಡಿಯೋ ಹೆಂಗೋ ತಡಕೊಳ್ಳತದ, ಅಲ್ಲಿ ಕೊಡವರು ಇರತಾರ. ಗುಡ್ಡದ ಸಣ್ಣ ಊರಿನ ರೇಡಿಯೋ, ನಾಲ್ಕು ಮಂದಿ ಪಗಾರಕ್ಕ, ನಲವತ್ತು ಮಂದಿ ಸೇವಾಕ್ಕ ಅಂತ ನಡಿಯೋದು, ಅದಕ್ಕ ಪೆಟ್ಟು ದೊಡ್ಡದು.

ಹೋದ್ರ ಹೋಗಲಿ, ಹಾಡು ಎಲ್ಲೆ ಬೇಕಾದಲ್ಲೆ ಸಿಗತಾವ ಅನ್ನವರಿಗೆ ಎರಡು ಸಂಗತಿ ಹೇಳತೀನಿ. 2024ರ ಸೆಪ್ಟೆಂಬರ್ ಕೊನಿಗೆ ಹೆಲೀನ್ ಚಂಡಮಾರುತ ಬಂದು ನಮ್ಮ ಪಶ್ಚಿಮದ ಗುಡ್ಡದ ಊರೆಲ್ಲಾ ಕೊಚ್ಚಿಕೊಂಡು ಹೋತು. ಆ್ಯಶ್‌ವಿಲ್ ಊರಾಗ ಕರೆಂಟ್ ಇಲ್ಲ, ಫೋನ್ ಇಲ್ಲ, ಇಂಟರ್ನೆಟ್ ಇಲ್ಲ. ನಳದ ನೀರು ಕುಡೀಲಿಕ್ಕೆ ಯೋಗ್ಯ ಆಗಲಿಕ್ಕೆ 50 ದಿನಕ್ಕಿಂತ ಹೆಚ್ಚು ಹಿಡೀತು. ಆ ದಿನಗಳಾಗ ನೀರು ಎಲ್ಲೆ ಕೊಡತಾರ, ಯಾವ ರಸ್ತೆ ಉಳದದ ಅಂತ ಮಂದಿಗೆ ತಿಳಿಸಿದ್ದು ಅಲ್ಲಿಯ ಬ್ಲೂ ರಿಜ್ ಪಬ್ಲಿಕ್ ರೇಡಿಯೋ. ಗಾಡಿಯೊಳಗ ಕೂತು, ಬ್ಯಾಟರಿ ರೇಡಿಯೋದ ಸುತ್ತ ನೆರೆದು ಮಂದಿ ಕೇಳಿದ್ರು. ಜೇಬಿನ್ಯಾಗಿನ ಫೋನು ಕಲ್ಲಾಗಿ ಕೂತಿತ್ತು.

ಇನ್ನೊಂದು, ಕೆಂಟಕಿಯ ವೈಟ್ಸ್‌ಬರ್ಗ್ ಊರಿನ ಡಬ್ಲ್ಯೂಎಂಎಂಟಿ. 1985ರಿಂದ ನಡೆಯೋ ಸಮುದಾಯ ರೇಡಿಯೋ, ಬ್ಲೂಗ್ರಾಸ್ ಮತ್ತ ಓಲ್ಡ್ ಟೈಮ್ ಅಲ್ಲಿಯ ದಿನದ ಊಟ. 2022ರ ಮಹಾಪೂರದಾಗ ಆ ಸಂಸ್ಥಾದ ಕಟ್ಟಡಕ್ಕ ನೀರು ಹೊಕ್ಕು ಹಳೇ ಟೇಪು, ಫಿಲ್ಮು ಕೆಸರಾದ್ವು. ಆದ್ರೂ ಬಿಡಲಿಲ್ಲ. ಅವರ ಸೋಮವಾರ ರಾತ್ರಿಯ ಕಾರ್ಯಕ್ರಮ ಕೇಳಿ ನನಗ ಕಣ್ಣಾಗ ನೀರು ಬಂದಾವ. ಸುತ್ತಲಿನ ಗುಡ್ಡದಾಗ ಜೈಲು ಭಾಳ ಅವ. ಒಳಗಿದ್ದವರ ಅವ್ವಂದಿರು, ಹೆಂಡತ್ಯಾರು, ಮಕ್ಕಳು ಎಷ್ಟೋ ದೂರ ಇರತಾರ, ಬಂದು ಭೆಟ್ಟಿ ಆಗಲಿಕ್ಕೆ ರೊಕ್ಕಾ ಇಲ್ಲ. ಅವರು ರೇಡಿಯೋಕ್ಕ ಫೋನ್ ಮಾಡಿ ತಮ್ಮವರಿಗೆ ನಾಲ್ಕು ಮಾತು ಹೇಳತಾರ, ರೇಡಿಯೋ ಅದನ್ನ ಗೋಡಿ ದಾಟಿಸಿ ಮುಟ್ಟಸತದ. ಊಟಾ ಮಾಡಿದೇನೋ, ಮಗಳು ಪಾಸಾದ್ಲು, ಇಂಥಾ ಸಣ್ಣ ಮಾತು. ಸಾರಾ ಕಾರ್ಟರ್ ಮಾಡಿದ್ದೂ ಇದನ್ನ ಅಲ್ಲೇನು?

ಇಷ್ಟೆಲ್ಲಾ ಬರದದ್ದು ನೀವೆಲ್ಲಾ ಬ್ಯಾಂಜೋ ಕಲೀರಿ ಅಂತ ಅಲ್ಲ. ಮೂರು ಮಾತು ಕೇಳತೀನಿ. ಇಲ್ಲಿ ಇದ್ದವರು, ನಿಮ್ಮ ಊರಿನ ಸಣ್ಣ ರೇಡಿಯೋ ಯಾವುದು ಅಂತ ಹುಡುಕಿ ವರ್ಷಕ್ಕೊಮ್ಮೆ ಕೈಲಾದದ್ದು ಕೊಡ್ರಿ, ಒಂದು ಸೀರಿ ಕಡಿಮಿ ತಗೊಂಡ್ರ ನಡೀತದ. ಮಕ್ಕಳನ್ನ ಕರಕೊಂಡು ಒಂದು ಶನಿವಾರ ಮೌಂಟ್ ಏರಿಗೆ ಹೋಗ್ರಿ, ಇಲ್ಲಾಂದ್ರ ಶೆಲ್ಬಿಗೆ ಹೋಗಿ ಹಳೇ ಕೋರ್ಟ್ ಕಟ್ಟಡದಾಗ ಮಾಡಿರೋ ಅರ್ಲ್ ಸ್ಕ್ರಗ್ಸ್ ಸಂಗ್ರಹಾಲಯ ನೋಡ್ರಿ. ಬುತ್ತಿ ಕಟಗೊಂಡು ಹೋದ್ರ ಒಂದು ದಿನದ ಪ್ರವಾಸ.

ಎರಡನೇದು, ವಾರಕ್ಕ ಒಂದು ತಾಸು ನೀವು ಆರಿಸದ ಹಾಡು ಕೇಳ್ರಿ. ಭಾಂಡಿ ತೊಳೆಯೋವಾಗ, ಕಾಯಿಪಲ್ಯಾ ಹೆಚ್ಚೋವಾಗ ಹಚ್ಚಿಡ್ರಿ. ಹಿಡಸದಿದ್ರ ಬಿಡ್ರಿ, ಆದ್ರ ಮೊದಲ ಹಾಡಿಗೇ ಕಿವಿ ತಿರುವಬ್ಯಾಡ್ರಿ. ಮೂಗಿನ್ಯಾಗ ಹಾಡತಾರ ಅಂತ ನನಗೂ ಅನಿಸಿತ್ತು, ಈಗ ಆ ದನಿಯೊಳಗಿನ ಗುಡ್ಡ, ಗಾಳಿ, ದುಃಖ ಕೇಳಸತದ.

ಮೂರನೇದು, ಧಾರವಾಡದಾಗ ಇದ್ದ ನಿಮಗ. ನಮ್ಮ ಅತ್ತಿಯವರಿಗೆ ಬೀಸೋ ಪದ, ಕೂಸಿನ್ನ ತೊಟ್ಟಲಕ್ಕ ಹಾಕೋ ಪದ, ಆರತಿ ಹಾಡು ಎಷ್ಟು ಬರತಾವ ಅಂತ ಅವರಿಗೇ ಗೊತ್ತಿಲ್ಲ. ಕೇಳಿದ್ರ, "ನಂದೇನು ಹಾಡವಾ, ಹಂಗ ಬಾಯಿಗೆ ಬಂದದ್ದು" ಅಂತಾರ. 81 ವರ್ಷ ಆತು, ದನಿ ಈಗೀಗ ನಡಗತದ. ಎಟ್ಟಾ ಬೇಕರ್ ಮನಿಗೂ ಯಾರೋ ಬಂದು, ಕೂತು, ಇನ್ನೊಮ್ಮೆ ಬಾರಸರಿ ಅಂತ ಕೇಳಿದ್ದಕ್ಕ ಆ ಹಾಡು ಉಳೀತು. ಕೃಷಿ ವಿಶ್ವವಿದ್ಯಾಲಯದಾಗ ಸಮುದಾಯ ರೇಡಿಯೋ ಅದ, ಆಕಾಶವಾಣಿ ಅದ. ಅಲ್ಲೆ ಹೋಗಿ ಕೇಳ್ರಿ, ನಮ್ಮ ಓಣಿಯ ಹಿರೇರು ಹಾಡತಾರ ಅಂತ. ಅವರು ಆಮ್ಯಾಲೆ ಬರ್ರಿ ಅಂದ್ರ ಅಷ್ಟರೊಳಗ ಫೋನಿನ್ಯಾಗ ನೀವ ತುಂಬಿಕೊಂಡು ಇಡ್ರಿ, ಹಾಡಿದವರ ಹೆಸರು, ಕಲಿಸಿದವರ ಹೆಸರು, ಊರು, ವರ್ಷ ಬರದು ಇಡ್ರಿ. ನಾ ಡಿಸೆಂಬರಿನ್ಯಾಗ ಊರಿಗೆ ಬರತೀನಿ. ಅಷ್ಟರೊಳಗ ಹತ್ತು ಹಾಡಾದ್ರೂ ಆಗಿರಲಿ, ಯಾರ ಮನ್ಯಾಗ ಸುರು ಮಾಡತೀರಿ ಅಂತ ತಿಳಸ್ರಿ.

ನಿಮ್ಮ ಶಾರ್ಲಟ್ ವೈನಿ